ಹತ್ತೊಂಬತ್ತನೇ ನಂಬರಿನ ಅಂಗಿ

ಫೆಬ್ರವರಿ 12, ಬುಧವಾರ

ಇವತ್ತು ಬೂದಿ ಬುಧವಾರ, ತಪಸ್ಸು ಕಾಲದ ಮೊದಲ ದಿನ. ಒಪ್ಪೊತ್ತು. ಬೆಳಗ್ಗೆ ಕರಿಕಾಫಿ ಬಿಟ್ಟು ಬೇರೇನೂ ಬಾಯಿಗೆ ಹಾಕಲಿಲ್ಲ. ಕೋಳಿಗಳಿಗೆ ನೀರಿಟ್ಟೆ, ಅಂಗಳ ಗುಡಿಸಿದೆ, ಸಂಜೆಯ ರೊಟ್ಟಿಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿದೆ. ಆರು ಗಂಟೆಯ ಪೂಜೆಗೆ ಹೋಗಿ ಹಣೆಗೆ ಬೂದಿ ಇಡಿಸಿಕೊಂಡು ಬಂದವಳೇ ಬಟ್ಟೆಯ ಹಂಡೆಗೆ ಬೆಂಕಿ ಹಾಕಿದೆ.

ಈ ಪುಸ್ತಕ ಪಾದ್ರಿ ಎಲಾದಿಯೊ ಕೊಟ್ಟದ್ದು. ಪಾಸ್ಕ ಹಬ್ಬ ಬಂದು ಈ ನಲವತ್ತು ದಿನದ ತಪಸ್ಸು ಕಾಲ ಮುಗಿಯುವವರೆಗೆ ಸಿಹಿ ಬಿಡುತ್ತೇನೆ ಎಂದಿದ್ದಕ್ಕೆ ನಕ್ಕರು. "ನಿನಗೆ ಸಿಹಿ ಇಷ್ಟಾನೇ ಇಲ್ಲ ಒತಿಲಿಯಾ, ಅದನ್ನ ಬಿಟ್ಟು ದೇವರಿಗೇನು ಉಪಕಾರ? ಆಗಾಗ ನಾಲ್ಕು ಸಾಲು ನಿಜ ಬರಿ. ಅದು ಕಷ್ಟ, ಅದನ್ನ ಮಾಡು," ಎಂದರು. ನಾನು ಹಳ್ಳಿಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳು. ನಿಜ ಬರೆಯುವುದಕ್ಕೆ ಅಷ್ಟು ಸಾಕೆಂದುಕೊಂಡಿದ್ದೇನೆ.

ಬೇಸ್‌ಬಾಲ್ ತಂಡದ ಹುಡುಗರು ಬಂದಿಳಿದಿದ್ದಾರೆ. ಅವರ ಬಟ್ಟೆ ಒಗೆಯುವವಳೂ ಹೊಲಿಯುವವಳೂ ನಾನೇ. ಪಾಸ್ಕ ಹಬ್ಬ ಕಳೆದ ಮರು ಭಾನುವಾರ ಮೊದಲ ಪಂದ್ಯ. ಈ ಸಲ ಚೆಂಡು ಎಸೆಯುವವರೇ ಹದಿಮೂರು ಜನ ಬಂದಿದ್ದಾರೆ, ಜಾಗ ಇರುವುದು ಒಂಬತ್ತು. ನಾಲ್ವರು ಗಂಟು ಕಟ್ಟಬೇಕು. ಇಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮ್ಯಾನೇಜರ್ ದೋನ್ ಫಿದೆನ್ಸಿಯೊ ನನಗೊಂದು ಚೀಟಿ ಕಳಿಸುತ್ತಾರೆ. ಅದರಲ್ಲಿ ಹೆಸರಿರುವುದಿಲ್ಲ, ನಂಬರು ಮತ್ತು ಎದುರಿಗೆ ಅಂಗಿಯ ಅಳತೆ ಮಾತ್ರ. ನಾನು ನಂಬರು ಹೊಲಿಯುತ್ತೇನೆ. ಪಾಸ್ಕಕ್ಕೆ ವಾರ ಮುಂಚಿನ ಗರಿಗಳ ಭಾನುವಾರ ಬೆಳಗ್ಗೆ ಆಟಗಾರರ ಕೋಣೆಯಲ್ಲಿ ಒಬ್ಬೊಬ್ಬರ ಮೊಳೆಗೆ ಅಂಗಿ ನೇತುಹಾಕುತ್ತೇವೆ. ಮೊಳೆಗೆ ಅಂಗಿ ಇದ್ದವನು ಉಳಿದ, ಇಲ್ಲದವನು ಚೀಲ ಎತ್ತಿಕೊಂಡ. ಹದಿನೇಳು ವರ್ಷದಿಂದ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ, ಹದಿನೇಳು ವರ್ಷದಿಂದ ನಾನು ಬಾಯಿ ಬಿಟ್ಟಿಲ್ಲ. ಅದು ಮಾತೆ ಮರಿಯಳ ಮುಂದೆ ಹೊತ್ತ ಹರಕೆ.

ಕರಾವಳಿಯ ಬಸ್ಸು ಇವತ್ತು ಬರಲಿಲ್ಲವಂತೆ. ಟೈರು ಒಡೆದಿದೆಯಂತೆ. ಅದನ್ನು ಯಾಕೆ ಬರೆದೆನೋ.

ಫೆಬ್ರವರಿ 14, ಶುಕ್ರವಾರ

ಮಾಂಸವಿಲ್ಲದ ದಿನ. ತಂಡದ ಶಿಬಿರದ ಅಡುಗೆಯವನಿಗೆ ಶುಕ್ರವಾರವೂ ಒಂದೇ, ಸೋಮವಾರವೂ ಒಂದೇ, ದನದ ಮಾಂಸ ಬೇಯಿಸಿಡುತ್ತಾನೆ. ಹಾಗಾಗಿ ದೇವರ ಭಯ ಇರುವ ಐದಾರು ಜನ ಶುಕ್ರವಾರದ ಊಟಕ್ಕೆ ನನ್ನ ಅಂಗಳಕ್ಕೆ ಬರುತ್ತಾರೆ. ಚನ್ನಂಗಿ ಬೇಳೆ ಸಾರು, ಕಳ್ಳಿ ಪಲ್ಯ, ರೊಟ್ಟಿ ಮಾಡಿದ್ದೆ.

ಎಡಗೈಯವರು ಬಂದಿದ್ದಾರೆ. ಎವರಿಸ್ತೊ ಅವರು, ಎಡಗೈಯಲ್ಲಿ ಚೆಂಡು ಎಸೆಯುವವರು. ಹದಿನೈದು ವರ್ಷದಿಂದ ಬರುತ್ತಿದ್ದಾರೆ, ತಂಡದಲ್ಲಿ ಅವರಷ್ಟು ಹಳಬರು ಬೇರೆ ಯಾರೂ ಇಲ್ಲ. ಆಟ ಇಲ್ಲದ ತಿಂಗಳುಗಳಲ್ಲಿ ಕರಾವಳಿಯಲ್ಲಿ ದೋಣಿ ರಿಪೇರಿ ಮಾಡುತ್ತಾರೆ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಪ್ರತಿ ವರ್ಷದಂತೆ ಒಣ ಸಿಗಡಿಯ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಎಲ್ಲರಂತೆ ಅವರೂ ನನ್ನನ್ನು ದೋನ್ಯಾ ಎನ್ನುತ್ತಾರೆ, ಅಮ್ಮಾವ್ರೇ ಎಂದ ಹಾಗೆ.

"ಈ ಸಲ ಸಿಗಡಿ ಸಣ್ಣವು ದೋನ್ಯಾ. ನನ್ನ ಹಾಗೆ ಅವಕ್ಕೂ ವಯಸ್ಸಾಯ್ತು."

"ವಯಸ್ಸಾದ್ರೆ ದೊಡ್ಡದಾಗ್ಬೇಕಲ್ವಾ?"

"ನಾನೆಲ್ಲಿ ದೊಡ್ಡೋನಾದೆ?"

ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಉಪವಾಸದ ದಿನ ನಗಬಾರದೆಂದೇನೂ ಇಲ್ಲವಲ್ಲ.

ಅವರು ರೊಟ್ಟಿಯನ್ನು ಯಾವಾಗಲೂ ಮೂರು ಚೂರು ಮಾಡಿಕೊಂಡು ತಿನ್ನುತ್ತಾರೆ. ಇವತ್ತು ಬಲಗೈಯಲ್ಲಿ ಹರಿದರು.

ಫೆಬ್ರವರಿ 23, ಭಾನುವಾರ

ಎಂಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಬರೀ ಬಟ್ಟೆ.

ಇವತ್ತು ಒಂದಿದೆ. ಒಗೆಯುವವಳಿಗೆ ಬಟ್ಟೆ ಕಥೆ ಹೇಳುತ್ತದೆ. ಯಾರು ಓಡಿದರು, ಯಾರು ನೆರಳಲ್ಲಿ ನಿಂತರು, ಬೆವರಿನ ಉಪ್ಪಿನಲ್ಲಿ ಗೊತ್ತಾಗುತ್ತದೆ. ಎವರಿಸ್ತೊ ಅವರ ಅಂಗಿಯ ಎಡ ಕಂಕುಳ ಹೊಲಿಗೆ ಪ್ರತಿ ವರ್ಷ ಎರಡನೇ ವಾರಕ್ಕೆ ಬಿಟ್ಟಿರುತ್ತದೆ. ಅವರು ಕೈಯನ್ನು ಅಷ್ಟು ಎತ್ತರಕ್ಕೆ ಎತ್ತಿ ಎಸೆಯುವುದು. ಹದಿನಾಲ್ಕು ವರ್ಷ ನಾನೇ ಆ ಹೊಲಿಗೆ ಹಾಕಿದ್ದೇನೆ. ಒಂದು ಸಲ ದೋನ್ ಫಿದೆನ್ಸಿಯೊಗೆ ತಮಾಷೆಗೆ ಹೇಳಿಯೂ ಇದ್ದೆ, "ನಿಮ್ಮ ಎಡಗೈ ಈ ವರ್ಷವೂ ಗಟ್ಟಿಯಿದೆ, ಹೊಲಿಗೆ ಬಿಟ್ಟಿದೆ" ಎಂದು.

ಇವತ್ತು ಅವರ ಅಭ್ಯಾಸದ ಮೂರು ಅಂಗಿಗಳನ್ನೂ ತಿರುಗಿಸಿ ನೋಡಿದೆ. ಹೊಲಿಗೆ ಹಾಗೇ ಇದೆ. ಒಂದು ದಾರವೂ ಸಡಿಲವಾಗಿಲ್ಲ.

ಮಾರ್ಚ್ 1, ಶನಿವಾರ

ನಿಜ ಬರಿ ಎಂದಿದ್ದಾರೆ, ಬರೆಯುತ್ತೇನೆ. ಹೊಲಿಗೆ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದೆ. ಕತ್ತರಿ ಕೈಯಲ್ಲಿತ್ತು. ಎಡಗೈಯವರ ಅಂಗಿಯ ಕಂಕುಳ ಹೊಲಿಗೆಯನ್ನು ನಾನೇ ಬಿಚ್ಚಿದೆ. ನಾಲ್ಕು ಬೆರಳಗಲ. ಆಮೇಲೆ ಹೊಸ ದಾರದಲ್ಲಿ ಹೊಲಿದೆ. ಮೂರು ಅಂಗಿಗೂ ಹಾಗೇ ಮಾಡಿದೆ.

ಯಾರ ಮಗುವಾದರೂ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ.

ಮಾರ್ಚ್ 4, ಮಂಗಳವಾರ

ದೋನ್ ಫಿದೆನ್ಸಿಯೊ ಬಂದಿದ್ದರು. ಸಾಬೂನು ಸಾಕೇ ಎಂದು ಕೇಳಲು ಬಂದದ್ದಂತೆ. ಕೂತು ಕಾಫಿ ಕುಡಿದರು. ಬುಟ್ಟಿಯಲ್ಲಿದ್ದ ಅಂಗಿ ಎತ್ತಿ ಕಂಕುಳು ನೋಡಿದರು.

"ಈ ವರ್ಷವೂ ಬಿಟ್ಟಿತ್ತಾ ದೋನ್ಯಾ?"

"ಬಿಟ್ಟಿತ್ತು. ಹಾಕಿದೀನಿ."

"ಹೂಂ," ಎಂದರು. ಅಂಗಿಯನ್ನು ಮಡಚಿ ಬುಟ್ಟಿಯೊಳಗೇ ಇಟ್ಟರು. "ಹೊಲಿಗೆ ಬಿಟ್ಟಿದೆ, ಆದ್ರೆ ಚೆಂಡು ಬರ್ತಿಲ್ಲ. ಬೆಟ್ಟದ ಕಡೆಯಿಂದ ಒಬ್ಬ ಎಡಗೈ ಹುಡುಗ ಬಂದಿದಾನೆ, ನಾಬೊರ್ ಅಂತ. ಅವನ ಚೆಂಡು ಹಿಡಿದು ಹಿಡಿದು ಪೋರ್ಫಿರಿಯೊನ ಅಂಗೈ ರೊಟ್ಟಿ ಥರ ಉಬ್ಬಿದೆ. ಇಬ್ಬರು ಎಡಗೈಯವರನ್ನ ಇಟ್ಕೊಳ್ಳೋಕೆ ನನಗೆ ಜಾಗ ಇಲ್ಲ."

ನಾನು ಕಾಫಿ ಲೋಟ ತೊಳೆಯಲು ಎದ್ದೆ. ಅವರು ಇನ್ನೂ ಕುಡಿದು ಮುಗಿಸಿರಲಿಲ್ಲ.

ಮಾರ್ಚ್ 7, ಶುಕ್ರವಾರ

ನಾಬೊರ್ ಎಂಬವನು ಊಟಕ್ಕೆ ಬಂದ. ಇಪ್ಪತ್ತೆರಡು ವರ್ಷ, ಬೆಳೆದ ಗಂಡಸು, ಆದರೂ ಬೆನ್ನು ಮೂಳೆ ಕಾಣುವಷ್ಟು ತೆಳ್ಳಗಿದ್ದಾನೆ. ಅವನ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ತೀರ್ಮಾನಿಸಿದ್ದೆ. ಆಗಲಿಲ್ಲ. ಹನ್ನೊಂದು ರೊಟ್ಟಿ ತಿಂದು, ತಟ್ಟೆಯನ್ನು ತಾನೇ ತೊಳೆದಿಟ್ಟು, "ನಮ್ಮಮ್ಮನ ಬೇಳೆಗಿಂತ ಚೆನ್ನಾಗಿದೆ, ಅವಳಿಗೆ ಹೇಳ್ಬೇಡಿ," ಎಂದ.

ಊಟವಾದ ಮೇಲೆ ಎವರಿಸ್ತೊ ನಿಂಬೆಗಿಡದಿಂದ ಒಂದು ಕಾಯಿ ಕಿತ್ತು ಅವನ ಕೈಯಲ್ಲಿಟ್ಟರು. ತಿರುವು ಎಸೆತಕ್ಕೆ ಬೆರಳು ಎಲ್ಲಿಡಬೇಕು, ಮಣಿಕಟ್ಟು ಎಷ್ಟು ಮಡಿಸಬೇಕು ಎಂದು ಅರ್ಧ ಗಂಟೆ ತೋರಿಸಿದರು. ನನ್ನ ಅಂಗಳದಲ್ಲಿ, ನನ್ನ ನಿಂಬೆಕಾಯಿಯಲ್ಲಿ.

ಹುಡುಗ ಹೋದ ಮೇಲೆ ಕೇಳಿಯೇಬಿಟ್ಟೆ. "ನಿಮ್ಮ ಜಾಗಕ್ಕೆ ಬರೋನಿಗೆ ನೀವೇ ಪಾಠ ಹೇಳ್ತಿದೀರಲ್ಲ, ಬುದ್ಧಿ ಎಲ್ಲಿಟ್ಟಿದೀರಿ?"

"ಅವನು ಬರೀ ಜೋರಾಗಿ ಎಸೀತಾನೆ ದೋನ್ಯಾ. ಹಾಗೇ ಬಿಟ್ರೆ ಎರಡು ವರ್ಷಕ್ಕೆ ಭುಜ ಹೋಗುತ್ತೆ. ಭುಜ ಹೋದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು."

ಇಬ್ಬರೂ ಕೋಳಿಗಳನ್ನು ನೋಡುತ್ತ ಕೂತೆವು. ಬೇರೆ ಎಲ್ಲರೂ ಮಾರ್ಚ್ ತಿಂಗಳಲ್ಲಿ ನನ್ನ ಮುಖ ನೋಡಿ ಚೀಟಿ ಓದಲು ನೋಡುತ್ತಾರೆ, ಹೂವು ತರುತ್ತಾರೆ, ಸೌದೆ ಒಡೆದುಕೊಡುತ್ತಾರೆ. ಹದಿನೈದು ವರ್ಷದಲ್ಲಿ ಇವರೊಬ್ಬರು ಕೇಳಿಲ್ಲ.

ಮಾರ್ಚ್ 8, ಶನಿವಾರ

ಪಾಪನಿವೇದನೆಗೆ ಹೋಗಿದ್ದೆ. ಹೊಲಿಗೆಯ ವಿಷಯ ಹೇಳಿದೆ.

"ಮೋಸ ಮೋಸವೇ ಮಗಳೇ. ಸುಳ್ಳೂ ಸುಳ್ಳೇ," ಎಂದರು ಪಾದ್ರಿಗಳು. ಆಮೇಲೆ ಜಾಲರಿಯ ಹತ್ತಿರ ಬಾಗಿ ಪಿಸುಗುಟ್ಟಿದರು, "ಭುಜ ನಿಜವಾಗ್ಲೂ ಏಳ್ತಿಲ್ವಾ?"

ಐದು ಜಪಸರ ಹೇಳಲು ಅಪ್ಪಣೆಯಾಯಿತು. ಯಾಕೆ ಮಾಡಿದೆ ಎಂದೂ ಕೇಳಿದರು. ಹಳೆಯ ಮನುಷ್ಯ, ಪಾಪ, ಎಲ್ಲಿಗೆ ಹೋಗುತ್ತಾರೆ ಎಂದೆ. "ಹಳಬರು ಬೇರೆಯವರೂ ಇದಾರಲ್ಲ, ಅವರ ಹೊಲಿಗೆ ಬಿಚ್ಚಲಿಲ್ವಲ್ಲ," ಎಂದರು. ಪಾದ್ರಿಗಳಿಗೂ ವಯಸ್ಸಾಯಿತು, ಏನೇನೋ ಕೇಳುತ್ತಾರೆ.

ಮಾರ್ಚ್ 12, ಬುಧವಾರ

ಅಭ್ಯಾಸದ ಪಂದ್ಯ ಇತ್ತು. ಮೈದಾನದ ಧ್ವನಿವರ್ಧಕ ಇಲ್ಲಿಗೆ ಕೇಳುತ್ತದೆ. ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಎವರಿಸ್ತೊ ಎರಡನೆಯದನ್ನೂ ಮುಗಿಸಲಿಲ್ಲ.

ದೂಳುಗಾಳಿ ಬಂದದ್ದರಿಂದ ಒಣಗಿದ ಬಟ್ಟೆಯನ್ನೆಲ್ಲ ಮತ್ತೆ ಒಗೆದೆ.

ಮಾರ್ಚ್ 19, ಬುಧವಾರ

ಸಂತ ಜೋಸೆಫರ ಹಬ್ಬ. ಬೆಳಗ್ಗೆ ಪೂಜೆ ಮುಗಿಸಿ ಬಂದಾಗ ಚೀಟಿ ಬಾಗಿಲ ಸಂದಿಯಲ್ಲಿತ್ತು. ಎಸೆತಗಾರರ ನಂಬರು ಯಾವಾಗಲೂ ಮೇಲೆ ಬರೆದಿರುತ್ತದೆ. ನಿಂತಲ್ಲೇ ಓದಿದೆ. ಮೊದಲನೆಯದು ಏಳು, ಆಮೇಲೆ ಹನ್ನೊಂದು, ಹದಿನಾಲ್ಕು. ಅದರ ಕೆಳಗೆ ಹತ್ತೊಂಬತ್ತು.

ಹತ್ತೊಂಬತ್ತು ಇದೆ. ಕೆಳಗಿನದನ್ನು ಆಗ ಓದಲಿಲ್ಲ. ಸಂತ ಜೋಸೆಫರ ಚಿತ್ರದ ಮುಂದೆ ಮಂಡಿಯೂರಿದೆ. ಆ ನಂಬರು ನಾನೇ ಕೊಟ್ಟದ್ದು. ಎವರಿಸ್ತೊ ಮೊದಲ ಸಲ ಬಂದ ವರ್ಷ ನನ್ನ ಹತ್ತಿರ ಕತ್ತರಿಸಿಟ್ಟ ನಂಬರುಗಳೆಲ್ಲ ಮುಗಿದು ಅದೊಂದೇ ಉಳಿದಿತ್ತು. ಆವತ್ತು ಇದೇ ಹಬ್ಬ, ಹತ್ತೊಂಬತ್ತನೇ ತಾರೀಕು. "ಸಂತರನ್ನ ಬೆನ್ನ ಮೇಲೆ ಹೊತ್ಕೊಳಿ, ಅವರೂ ಬಡಗಿ, ಕೈಕೆಲಸದವರೇ," ಎಂದಿದ್ದೆ. ಅಂದಿನಿಂದ ಬದಲಾಯಿಸಿಲ್ಲ.

ಇವತ್ತು ಬೇರೆ ಯಾವುದನ್ನೂ ಮುಟ್ಟಲಿಲ್ಲ. ಪೆಟ್ಟಿಗೆಯಿಂದ ಅವರ ಅಳತೆಯ, ನಲವತ್ತನಾಲ್ಕರ ಅಂಗಿ ತೆಗೆದು ಹತ್ತೊಂಬತ್ತನ್ನು ಮೊದಲು ಹೊಲಿದೆ. ಸಣ್ಣ ಹೊಲಿಗೆ, ಎರಡು ಸುತ್ತು. ನಾದಿನಿ ಲೂಚಾ ಗೋಡೆಯ ಆಚೆಯಿಂದ ಕೇಳಿದಳು, "ಏನತ್ತಿಗೆ, ಹಾಡ್ತಾ ಇದೀರಾ?"

"ಸಂತರ ಕೀರ್ತನೆ ಕಣೇ."

"ನನಗೆ ಮದುವೆ ಹಾಡು ಕೇಳಿಸ್ತು."

ಲೂಚಾಳ ಕಿವಿ ಅವಳ ತಾಯಿಯ ಹಾಗೆ, ಕೇಳಬಾರದ್ದನ್ನೇ ಕೇಳುತ್ತದೆ.

ಮಾರ್ಚ್ 21, ಶುಕ್ರವಾರ

ವ್ಯಾಕುಲ ಮಾತೆಯ ಶುಕ್ರವಾರ. ಮುಂದಿನ ಕೋಣೆಯಲ್ಲಿ ಪೀಠ ಸಿಂಗರಿಸಿದೆ. ಕತ್ತಲಲ್ಲಿಟ್ಟು ಮೊಳಕೆ ಬರಿಸಿದ ಗೋಧಿ, ಕಿತ್ತಳೆ, ನೇರಳೆ ಬಟ್ಟೆ, ದೀಪ. ದಾರಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು "ಮಾತೆ ಅತ್ತಳೇ?" ಎಂದು ಕೇಳುತ್ತಾರೆ. "ಅತ್ತಳು" ಎಂದು ಅವರಿಗೆ ಪಾನಕ ಕೊಡಬೇಕು, ಅದು ಆಕೆಯ ಕಣ್ಣೀರು.

ಎವರಿಸ್ತೊ ಒಬ್ಬರೇ ಬಂದರು. ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದರು.

"ಮಾತೆ ಅತ್ತಳೇ?"

"ಅತ್ತಳು, ಬನ್ನಿ."

ನಿಂಬೆ ಪಾನಕ ಕೊಟ್ಟೆ. ಕುಡಿಯುತ್ತ ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಆದರೆ ಮುಖಕ್ಕೆ ಹರಕೆ ಹೊರಿಸಲು ಮರೆತಿದ್ದೆ. ನೋಡಿದವರು ಲೋಟ ಕೆಳಗಿಟ್ಟರು.

"ಹಾಗಾದ್ರೆ ಇನ್ನೊಂದು ವರ್ಷ," ಎಂದರು.

"ನಾನೇನೂ ಹೇಳ್ಲಿಲ್ಲ."

"ನೀವು ಹೇಳ್ಲಿಲ್ಲ. ನಾನು ಕೇಳ್ಲೂ ಇಲ್ಲ." ಆಮೇಲೆ ಗೋಧಿ ಮೊಳಕೆಯನ್ನು ಬೆರಳ ತುದಿಯಿಂದ ಮುಟ್ಟುತ್ತ, "ಈ ಊರಲ್ಲಿ ಒಂದು ಮನೆ, ಒಂದು ಅಂಗಳ, ನಾಲ್ಕು ಕೋಳಿ ಇದ್ರೆ ಚೆನ್ನಾಗಿರುತ್ತೆ ಅಂತ ಕೆಲವು ಸಲ ಅನ್ಸುತ್ತೆ ದೋನ್ಯಾ. ಪ್ರತಿ ವರ್ಷ ಅಕ್ಟೋಬರಲ್ಲಿ ಬಸ್ಸು ಹತ್ತೋದು ಸಾಕಾಗಿದೆ," ಎಂದರು.

"ನಾಲ್ಕು ಕೋಳಿ ಸಾಕೋದು ಅಷ್ಟು ಸುಲಭ ಅಲ್ಲ," ಎಂದೆ. ಬೇರೇನಾದರೂ ಹೇಳಬಹುದಿತ್ತು. ಅವರು ಹೋದ ಮೇಲೆ ಅವರ ಲೋಟವನ್ನು ಬಹಳ ಹೊತ್ತು ತೊಳೆಯಲಿಲ್ಲ, ಕೆಲಸ ಇತ್ತು.

ಮಾರ್ಚ್ 23, ಗರಿಗಳ ಭಾನುವಾರ

ಏನು ಮಾಡಿಬಿಟ್ಟೆ ನಾನು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬೆಳಗಿನ ಪೂಜೆಯಾದ ಮೇಲೆ ಅಂಗಿಗಳ ಗಂಟು ಹೊತ್ತುಕೊಂಡು ಆಟಗಾರರ ಕೋಣೆಗೆ ಹೋದೆ. ಹಳಬರ ಮೊಳೆ ನನಗೆ ಗೊತ್ತು, ಹಳಬರ ಅಂಗಿ ನಾನು ಹಾಕುತ್ತೇನೆ. ಹೊಸಬರದ್ದನ್ನು ದೋನ್ ಫಿದೆನ್ಸಿಯೊ ಹಾಕುತ್ತಾರೆ. ಹತ್ತೊಂಬತ್ತನ್ನು ಕಿಟಕಿಯ ಪಕ್ಕದ ಮೊಳೆಗೆ ಹಾಕಿದೆ. ತೋಳು ಸರಿಮಾಡಿದೆ.

ಬಾಗಿಲು ತೆಗೆದರು. ಎಲ್ಲರೂ ಬಂದರು. ಎವರಿಸ್ತೊ ಅಂಗಿ ತೆಗೆದು ತೊಟ್ಟುಕೊಂಡರು. ಮೈಗೆ ಹೊಲಿದ ಹಾಗೆ ಕೂತಿತ್ತು. ಗುಂಡಿ ಹಾಕಿಕೊಳ್ಳುತ್ತ ನನ್ನ ಕಡೆ ನೋಡಿ ತಲೆಬಾಗಿಸಿದರು.

ಆಗ ಹೊಸಬರ ಅಂಗಿಗಳನ್ನು ಇನ್ನೂ ನೇತುಹಾಕುತ್ತಿದ್ದ ದೋನ್ ಫಿದೆನ್ಸಿಯೊ ಹಿಂದಿನಿಂದ ಕೇಳಿದರು, "ನಾಬೊರ್‌ದು ಎಲ್ಲಿ? ಹತ್ತೊಂಬತ್ತು ಎಲ್ಲಿ ಹೋಯ್ತು?"

ಅವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ದೋನ್ಯಾ, ಅಳತೆ ಬರೆದಿದ್ನಲ್ಲ. ಮೂವತ್ತೆಂಟು ಅಂತ. ಎಡಗೈ ಅಂದ್ರೆ ಹತ್ತೊಂಬತ್ತು ಅಂತ ಊರಿಗೆ ಅಭ್ಯಾಸ ಆಗಿದೆ, ಅದಕ್ಕೆ ಹುಡುಗನಿಗೆ ಅದನ್ನೇ ಕೊಟ್ಟೆ," ಎಂದರು.

ಚೀಟಿ ನನ್ನ ಲಂಗದ ಜೇಬಿನಲ್ಲೇ ಇತ್ತು. ತೆಗೆದು ನೋಡಿದೆ. ಹತ್ತೊಂಬತ್ತು, ಎದುರಿಗೆ ಮೂವತ್ತೆಂಟು. ಉಳಿದೆಲ್ಲ ಅಂಗಿಗಳ ಅಳತೆಯನ್ನು ಎರಡೆರಡು ಸಲ ಓದಿ ಹೊಲಿದಿದ್ದೇನೆ. ಇದೊಂದರ ಅಳತೆಯನ್ನು ಓದಲೇ ಇಲ್ಲ. ಕೈಗೆ ಗೊತ್ತಿದೆ ಎಂದುಕೊಂಡೆ.

ಎವರಿಸ್ತೊ ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಅಂಗಿ ತೆಗೆದು ನಾಬೊರ್‌ನ ಮೈಮೇಲೆ ಹಾಕಿದರು. ತೋಳು ಅವನ ಬೆರಳು ದಾಟಿತು, ಕೆಳಅಂಚು ತೊಡೆಗೆ ಬಂತು. ಹಿಂದೆ ಯಾರೋ ನಕ್ಕರು. ನಾಬೊರ್ ಅಳುವಂತಾಗಿದ್ದ. "ನನಗೆ ಬೇಡ ಮಾವ," ಎಂದ. ಎವರಿಸ್ತೊ ಬಾಗಿ ಅವನ ಗುಂಡಿ ಹಾಕಿದರು, ಮೇಲಿಂದ ಕೆಳಗಿನವರೆಗೆ.

"ಇರಲಿ ಬಿಡೋ. ದೋನ್ಯಾ ಇನ್ನೂ ಹನ್ನೊಂದು ರೊಟ್ಟಿ ಹಾಕಿದ್ರೆ ತುಂಬ್ಕೊತೀಯ," ಎಂದರು.

ಚೀಲ ಎತ್ತಿಕೊಂಡು ಹೊರಟರು. ನನ್ನ ಪಕ್ಕದಲ್ಲೇ ಹಾದುಹೋದರು. ಒಂದು ಕ್ಷಣ ನಿಂತ ಹಾಗಾಯಿತು. ನಾನು ತಲೆ ಎತ್ತಲಿಲ್ಲ.

ನಾಲ್ಕು ಗಂಟೆಗೆ ಕರಾವಳಿಯ ಬಸ್ಸು ಹೊರಟ ಸದ್ದು ಕೇಳಿಸಿತು. ಹದಿನೈದು ವರ್ಷದಿಂದ ಹೋಗುವ ಮುಂಚೆ ಬಾಗಿಲಿಗೆ ಬಂದು ಹೇಳಿ ಹೋಗುತ್ತಿದ್ದರು. ಈ ಸಲ ಬರಲಿಲ್ಲ.

ಮಾರ್ಚ್ 25, ಮಂಗಳವಾರ

ನಂಬರು ಬಿಚ್ಚಿ ಮೂವತ್ತೆಂಟರ ಅಂಗಿಗೆ ಹೊಲಿದು ನಾಬೊರ್‌ಗೆ ಕೊಟ್ಟೆ. ಎರಡು ಸುತ್ತು ಹೊಲಿಗೆ, ಬಿಚ್ಚಲು ಮಧ್ಯಾಹ್ನವೆಲ್ಲ ಬೇಕಾಯಿತು. ದೊಡ್ಡ ಅಂಗಿಯನ್ನು ಹಿಂದಿರುಗಿಸಲು ಹೋದರೆ ದೋನ್ ಫಿದೆನ್ಸಿಯೊ ನನ್ನ ಮುಖ ನೋಡಿ, "ಆ ಅಳತೆಯವರು ಈಗ ಯಾರೂ ಇಲ್ಲ, ನಿಮ್ಮ ಹತ್ತಿರಾನೇ ಇರ್ಲಿ," ಎಂದರು.

ಬೆನ್ನಿನ ಮೇಲೆ ಸೂಜಿಯ ತೂತುಗಳು ಉಳಿದಿವೆ. ಬೆಳಕಿಗೆ ಹಿಡಿದರೆ ಹತ್ತೊಂಬತ್ತು ಕಾಣುತ್ತದೆ.

ಮಾರ್ಚ್ 27, ಗುರುವಾರ

ಕೊಳೆಯೇ ಇಲ್ಲದ ಅಂಗಿಯನ್ನು ಮೊನ್ನೆ ಒಗೆದು ತಂತಿಗೆ ಹಾಕಿದ್ದೆ. ತೂತು ಮುಚ್ಚಿಕೊಳ್ಳುತ್ತವೇನೋ ಎಂದು. ಲೂಚಾ ಕೇಳಿದಳು, "ಅದ್ಯಾರದ್ದು ಅತ್ತಿಗೆ, ಎರಡು ದಿನದಿಂದ ತಂತಿ ಮೇಲಿದೆ?"

"ಒಣಗಿಲ್ಲ."

"ಈ ಬಿಸಿಲಲ್ಲಿ? ಉಪ್ಪೇ ಒಣಗುತ್ತೆ ಈ ಊರಲ್ಲಿ." ಗೋಡೆಯ ಮೇಲೆ ಕೈಯೂರಿ ನನ್ನನ್ನೇ ನೋಡಿದಳು. "ಭಾನುವಾರದಿಂದ ನೀವು ಊಟ ಮಾಡಿದ್ದು ನಾ ಕಾಣೆ. ಈ ಉಪವಾಸ ದೇವರಿಗೋ, ಬಸ್ಸು ಹತ್ತಿ ಹೋದೋರಿಗೋ?"

"ನಿನ್ನ ಅಣ್ಣ ಇದ್ದಿದ್ರೆ ಹೀಗೆ ಮಾತಾಡ್ತಿದ್ಯಾ?"

"ಅಣ್ಣ ಹೋಗಿ ಹನ್ನೊಂದು ವರ್ಷ ಆಯ್ತು. ಅವನಿದ್ದಿದ್ರೆ ಮಾತಾಡೋ ಅಗತ್ಯಾನೇ ಇರ್ತಿರ್ಲಿಲ್ಲ," ಎಂದಳು. ದನಿಯಲ್ಲಿ ಕುಹಕ ಇರಲಿಲ್ಲ. ಒಂದು ಬಟ್ಟಲು ಬೇಳೆ ಗೋಡೆಯ ಮೇಲಿಟ್ಟು ಹೋದಳು.

ಬಾಗಿಲಿಗೆ ಬಂದು ಹೇಳಿ ಹೋಗಬಹುದಿತ್ತು. ಅಷ್ಟೇ ನನ್ನ ಸಂಕಟ. ಎಲ್ಲರ ಮುಂದೆ ಅವಮಾನ ಮಾಡಿಸಿದೆ, ಕ್ಷಮೆ ಕೇಳಲು ಮನುಷ್ಯ ಎದುರಿಗೆ ಬೇಕಲ್ಲ.

ಮಾರ್ಚ್ 28, ಶುಭ ಶುಕ್ರವಾರ

ಇವತ್ತು ಬಟ್ಟೆ ಒಗೆಯಬಾರದು. ಕೈಗೆ ಕೆಲಸವಿಲ್ಲದೆ ದಿನ ಮುಗಿಯುತ್ತಲೇ ಇಲ್ಲ. ಊಟಕ್ಕೆ ನಾಬೊರ್ ಮತ್ತು ಇಬ್ಬರು ಬಂದರು. ಮೇಜಿನ ತುದಿಯ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ನಾನು ಕೂರಬೇಡಿ ಎಂದಿರಲಿಲ್ಲ.

ರೊಟ್ಟಿಯನ್ನು ಮೂರು ಚೂರು ಮಾಡಿಕೊಂಡು ತಿಂದೆ. ಹಾಗೆ ಬೇಗ ತಣ್ಣಗಾಗುತ್ತದೆ, ಏನು ಸುಖವೋ.

ಮಾರ್ಚ್ 30, ಭಾನುವಾರ

ಪಾಸ್ಕ ಹಬ್ಬ. ಪ್ರಭು ಎದ್ದಿದ್ದಾನೆ. ತಪಸ್ಸು ಕಾಲ ಮುಗಿಯಿತು, ಪುಸ್ತಕ ಹಿಂದಿರುಗಿಸಲು ಹೋದೆ. ಪಾದ್ರಿಗಳು ತೆಗೆದುಕೊಳ್ಳಲಿಲ್ಲ. "ಇನ್ನೂ ಹಾಳೆ ಉಳಿದಿದೆಯಲ್ಲ," ಎಂದರು.

ನಾಲ್ಕರ ಬಸ್ಸು ಹೊರಟಿತು. ಈಗ ಆ ಸದ್ದು ಕೇಳಿದರೆ ಗಡಿಯಾರ ನೋಡುವುದೇ ಬೇಡ.

ಏಪ್ರಿಲ್ 4, ಶುಕ್ರವಾರ

ಕರಾವಳಿ ಬಸ್ಸಿನ ಡ್ರೈವರ್ ಹಿಲಾರಿಯೊ ಬೆಳಗ್ಗೆ ಬಾಗಿಲು ತಟ್ಟಿದ. ಕೈಯಲ್ಲಿ ಕಾಗದ. "ಎಡಗೈಯಲ್ಲಿ ಬರೆದದ್ದು ದೋನ್ಯಾ, ಓದೋಕೆ ಕಷ್ಟ ಆದ್ರೆ ನನ್ನ ಕರೀಬೇಡಿ, ನನಗೂ ಬರಲ್ಲ," ಎಂದು ನಗುತ್ತ ಕೊಟ್ಟು ಹೋದ. ಕಾಗದಕ್ಕೆ ಡಾಂಬರಿನ ವಾಸನೆ. ಅದರಲ್ಲಿದ್ದದ್ದನ್ನು ಇಲ್ಲಿ ಬರೆದಿಡುತ್ತೇನೆ, ಕಾಗದ ಮಡಚಿ ಮಡಚಿ ಈಗಲೇ ಸವೆಯುತ್ತಿದೆ.

"ಒತಿಲಿಯಾ. 'ದೋನ್ಯಾ' ಅಂತ ಶುರುಮಾಡಿದ ಕಾಗದ ಹರಿದು ಹಾಕಿದೆ. ಇದು ಎರಡನೇದು. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಹೇಳದೆ ಹೋದದ್ದು ಯಾಕೆಂದರೆ, ನಿಮ್ಮ ಬಾಗಿಲಿಗೆ ಬಂದಿದ್ದರೆ ಬಸ್ಸು ಹತ್ತುತ್ತಿರಲಿಲ್ಲ. ಕೆಲಸ ಇಲ್ಲದವನು ಹಾಗೆ ಬಂದು ನಿಲ್ಲಬಾರದು.

"ಭುಜ ಸತ್ತಿದೆ ಅಂತ ನನಗೆ ಜನವರಿಯಲ್ಲೇ ಗೊತ್ತಿತ್ತು. ಎಸೆಯೋಕೆ ಬಂದೆ ಅಂತ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಮಾರ್ಚ್ ಮೊದಲ ವಾರ ಒಗೆದ ಅಂಗಿ ಬಂದಾಗ ಕಂಕುಳಲ್ಲಿ ಹೊಸ ದಾರ ಇತ್ತು. ನಾನು ಅದನ್ನ ಹರಿದಿರಲಿಲ್ಲ. ಹರಿಯುವಷ್ಟು ಕೈ ಎತ್ತಿಯೇ ಇರಲಿಲ್ಲ. ಮೂರೂ ಅಂಗಿ ನೋಡಿದೆ. ಆಮೇಲೆ ಹಾಸಿಗೆ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ.

"ಆ ಭಾನುವಾರ ಅಂಗಿ ತೊಟ್ಟಾಗ ನನ್ನ ಅಳತೆಯೇ ಇತ್ತು. ಅವಮಾನ ಅಂತ ನೀವು ಅಂದುಕೊಂಡಿರುತ್ತೀರಿ. ತಂಡಕ್ಕೆ ನಾನು ಬೇಡವಾಗಿದ್ದು ನಿಜ, ಅದು ನೋವೇ. ಆದರೆ ಅಳತೆ ನೋಡದೆ ನನಗೆ ಅಂಗಿ ಹೊಲಿದವರು ಒಬ್ಬರಿದ್ದಾರೆ ಅಂತ ಅದೇ ಕೋಣೆಯಲ್ಲಿ ಗೊತ್ತಾಯ್ತು.

"ಹುಡುಗರಿಗೆ ಎಸೆತ ಕಲಿಸೋಕೆ ಬಾ ಅಂತ ದೋನ್ ಫಿದೆನ್ಸಿಯೊ ಹೇಳಿ ಕಳಿಸಿದ್ದಾರೆ. ಇನ್ನೂ ಹೂಂ ಅಂದಿಲ್ಲ. ಶುಕ್ರವಾರ ಮಾತ್ರ ನಿಮ್ಮ ಮೇಜಿಗೆ ಬರೋದಾದರೆ ನನಗೆ ಆ ಊರು ಬೇಡ, ಇಲ್ಲಿ ದೋಣಿಗಳಿವೆ. ಏಳೂ ದಿನಕ್ಕೆ ಜಾಗ ಇದ್ದರೆ, ಪಾದ್ರಿಗಳ ಮುಂದೆ ನಿಂತು ಪಡೆಯೋ ಜಾಗ, ಹೇಳಿ. ಇಲ್ಲದಿದ್ದರೂ ಹೇಳಿ. ಹಿಲಾರಿಯೊ ಭಾನುವಾರ ನಾಲ್ಕಕ್ಕೆ ಹೊರಡುತ್ತಾನೆ. ಎವರಿಸ್ತೊ."

ಇವತ್ತು ಬೇಳೆ ಸೀದುಹೋಯಿತು.

ಏಪ್ರಿಲ್ 5, ಶನಿವಾರ

ನನಗೆ ಐವತ್ತು ವರ್ಷ. ಜನ ನಗುತ್ತಾರೆ.

ಪಾದ್ರಿಗಳ ಹತ್ತಿರ ಹೋಗಿ ಕಾಗದ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. "ಇದರಲ್ಲಿ ನನ್ನನ್ನ ಕೇಳೋಂಥದ್ದು ಏನೂ ಇಲ್ಲ. ಕೇಳಿರೋದು ನಿನ್ನನ್ನ," ಎಂದರು. ಬಾಗಿಲವರೆಗೆ ಬಂದು, "ನಾನು ಮಾರ್ಚ್ ಎಂಟನೇ ತಾರೀಕಿನಿಂದ ಕಾಯ್ತಿದೀನಿ ಅನ್ನೋದು ನಿನಗೆ ಗೊತ್ತಿರಲಿ," ಎಂದೂ ಹೇಳಿದರು. ಅದು ನಾನು ಹೊಲಿಗೆಯ ಪಾಪ ಹೇಳಿದ ದಿನ.

ಉತ್ತರವನ್ನು ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ.

ಏಪ್ರಿಲ್ 6, ಭಾನುವಾರ

ಇವತ್ತು ಉಪವಾಸವಿಲ್ಲ. ಬೆಳಗ್ಗೆ ಪೂಜೆ, ಕೋಳಿಗೆ ನೀರು, ಅಂಗಳ. ಒಂದು ಗಂಟೆಗೆ ಮೊದಲ ಪಂದ್ಯ ಶುರುವಾಯಿತು. ಊರೆಲ್ಲ ಮೈದಾನದಲ್ಲಿದೆ. ಲೂಚಾ ಮೊಣಕಾಲಿನ ನೆಪ ಹೇಳಿ ಮನೆಯಲ್ಲೇ ಉಳಿದಿದ್ದಾಳೆ, ಅವಳ ಮೊಣಕಾಲಿಗೆ ಏನೂ ಆಗಿಲ್ಲ ಎಂದು ನನಗೆ ಗೊತ್ತು. ಧ್ವನಿವರ್ಧಕದಲ್ಲಿ "ಹತ್ತೊಂಬತ್ತು, ನಾಬೊರ್" ಎಂದು ಕೂಗಿದಾಗ ಅಂಗಳದಲ್ಲೇ ನಿಂತು ಕೇಳಿದೆ. ಐದನೇ ಇನಿಂಗ್ಸ್‌ನಲ್ಲಿ ಹುಡುಗ ತಿರುವು ಎಸೆತ ಹಾಕಿದನಂತೆ, ಕೂಗುವವನಿಗೆ ದನಿಯೇ ಕಟ್ಟಿತು. ಅದು ನನ್ನ ಅಂಗಳದ ನಿಂಬೆಕಾಯಿ.

ಅಂಗಿಯನ್ನು ತಂತಿಯಿಂದ ತೆಗೆದು ಇಸ್ತ್ರಿ ಮಾಡಿದೆ. ತೂತು ಮುಚ್ಚಿಲ್ಲ. ಕಾಗದದ ಜೊತೆ ಕಳಿಸೋಣವೆಂದು ಮಡಚಿದೆ, ಆಮೇಲೆ ಬೇಡವೆನಿಸಿತು. ಒಳಗೆ ಮಂಚದ ಪಕ್ಕದ ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತು. ಅಲ್ಲಿ ನೇತುಹಾಕಿ ತೋಳು ಸರಿಮಾಡಿದೆ. ಅವರು ಬಂದು ತಾವೇ ತೆಗೆದುಕೊಳ್ಳಲಿ.

ಕಾಗದದಲ್ಲಿ ಅದನ್ನೇ ಬರೆದೆ. ಮೊಳೆಗೆ ಅಂಗಿ ಇದೆ ಎಂದು. ಅದಕ್ಕಿಂತ ಹೆಚ್ಚು ಬರೆಯಲು ನಾಲ್ಕನೇ ಕ್ಲಾಸು ಸಾಕಾಗುವುದಿಲ್ಲ.

ಮೂರೂವರೆ ಆಗಿದೆ. ಬಸ್ ನಿಲ್ದಾಣಕ್ಕೆ ನಾನೇ ಹೋಗಬೇಕೆಂದು ಎರಡು ಸಲ ಎದ್ದೆ, ಎರಡು ಸಲವೂ ಬಾಗಿಲಿಂದ ಹಿಂದಿರುಗಿದೆ. ಗೋಡೆಯ ಹತ್ತಿರ ಹೋಗಿ ಕರೆದೆ.

"ಲೂಚಾ, ಇದೀಯೇನೇ? ಹಿಲಾರಿಯೊಗೆ ಹೇಳು, ಹೊರಡೋ ಮುಂಚೆ ಒಂದು ಸಲ ಇಲ್ಲಿಗೆ ಬಂದು ಹೋಗಲಿ. ಅವರಿಗೆ ಉತ್ತರ ಬರೆದಿಟ್ಟಿದೀನಿ, ಬಂದು ತಗೊಂಡು ಹೋಗಲಿ."